ಅಂಕಿತ ಬಿಟ್ಟ ವಚನ

ಒಂದು ವಿಚಾರ ಬಹುಜನರನ್ನು ಮುಟ್ಟಬೇಕಾದರೆ ಒಂದೇ ದಾರಿ ಸಾಲದು. ಕನ್ನಡದಲ್ಲಿ ಇದನ್ನು ಮಾಡಿ ತೋರಿಸಿದವರು ಫ.ಗು. ಹಳಕಟ್ಟಿ (1880–1964). ವಿಜಯಪುರದಲ್ಲಿ ವಕೀಲರಾಗಿದ್ದ ಅವರು ವಚನಗಳ ಓಲೆಗರಿಗಳನ್ನು ಹುಡುಕಿ ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. ಪುಸ್ತಕ ಬಂತೆಂದು ಅವರು ಸುಮ್ಮನಾಗಲಿಲ್ಲ. 'ಹಿತಚಿಂತಕ' ಎಂಬ ಮುದ್ರಣಾಲಯ ಹಾಕಿದರು. ಆಸಕ್ತರಿಗೆಂದು 1926ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷವೇ 'ನವಕರ್ನಾಟಕ' ವಾರಪತ್ರಿಕೆ ಶುರುಮಾಡಿದರು. ಕನ್ನಡ ಬಾರದವರಿಗಾಗಿ ಬಸವಣ್ಣನ ವಚನಗಳನ್ನು ಇಂಗ್ಲಿಷಿಗೂ ತಂದರು. ಇಂದು ದೊಡ್ಡ ಸಂಸ್ಥೆಗಳು ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಅವರೊಬ್ಬರೇ ಹೊತ್ತಿದ್ದರು.

ಅವರ ಕೆಲಸದಲ್ಲಿ ಕೊರತೆಯೇ ಇಲ್ಲವೆಂದಲ್ಲ. ಪುಸ್ತಕದ ಹೆಸರಿನಲ್ಲೇ 'ಶಾಸ್ತ್ರ' ಇದೆ. ವಚನಗಳನ್ನು ಅವರು ವಿಷಯದ ಪ್ರಕಾರ ಜೋಡಿಸಿದರು. ತತ್ತ್ವ ತಿಳಿಯಬೇಕೆನ್ನುವವರಿಗೆ ಇದು ಅನುಕೂಲ; ಆದರೆ ಅಲ್ಲಮನ ಒಗಟು, ಅಕ್ಕನ ಹಂಬಲ ಎರಡೂ ಒಂದೇ ತಲೆಬರಹದ ಕೆಳಗೆ ಬಂದು ಕೂತಾಗ ಕಾವ್ಯ ತುಸು ಬಾಡುತ್ತದೆ. ಅದಕ್ಕೆ ಮತ್ತೆ ಉಸಿರು ತುಂಬಿದ್ದು ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರು ಎಂದು ನನ್ನ ಭಾವನೆ. ಹಾಗಿದ್ದರೂ ಹಳಕಟ್ಟಿಯವರ ಜೋಡಣೆಯಲ್ಲಿ ಯಾವ ಮಾತು ಯಾರದು ಎಂಬುದು ಕಳೆದುಹೋಗಲಿಲ್ಲ. ಅದನ್ನು ಕಾಪಾಡಿದ್ದು ಅಂಕಿತ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗಾಗಿ ಹೇಳುವುದಾದರೆ, ಅಂಕಿತವೆಂದರೆ ವಚನದ ಕೊನೆಗೆ ಬರುವ ಮುದ್ರೆ. ಸಾಮಾನ್ಯವಾಗಿ ಅದು ವಚನಕಾರರ ಇಷ್ಟದೈವದ ಹೆಸರು: ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ದೋಣಿ ನಡೆಸುತ್ತಿದ್ದ ಚೌಡಯ್ಯ ಮಾತ್ರ 'ಅಂಬಿಗರ ಚೌಡಯ್ಯ' ಎಂದು ತನ್ನ ಕಾಯಕವನ್ನೂ ಹೆಸರನ್ನೂ ಅಲ್ಲಿ ಇಟ್ಟ.

ಈಗ ಬಸವ ಜಯಂತಿ ಬಂದರೆ ವಾಟ್ಸ್‌ಆ್ಯಪ್ ತುಂಬ ವಚನದ ಕಾರ್ಡುಗಳು. ಎರಡು ಸಾಲು, ಹೂವಿನ ಚಿತ್ರ, ಬಸವಣ್ಣನ ಮುಖ. ಜಾಗ ಸಾಲದೆಂದು ಮೊದಲು ಬೀಳುವುದು ಅಂಕಿತ. ಆಮೇಲೆ ಚೌಡಯ್ಯನ ಮಾತೂ ಆಯ್ದಕ್ಕಿ ಲಕ್ಕಮ್ಮನ ಮಾತೂ ಬಸವಣ್ಣನ ಖಾತೆಗೆ ಜಮೆ! ಚೀಟಿ ಹರಿದ ಶೀಶೆಯ ಔಷಧಿಯನ್ನು ನಾನು ಯಾವ ರೋಗಿಗೂ ಕೊಟ್ಟವನಲ್ಲ. ಇಲ್ಲಿ ನಷ್ಟ ಅದಕ್ಕಿಂತ ದೊಡ್ಡದು. ಅಂಬಿಗನೂ ಅಕ್ಕಿ ಆಯುವವಳೂ ಬಾಯಿಬಿಟ್ಟು ತಮ್ಮ ಅನುಭವ ಹೇಳಿದರು ಎಂಬುದೇ ಆ ಚಳವಳಿಯ ಸಂದೇಶವಲ್ಲವೆ? ಅವರ ಹೆಸರು ಕಿತ್ತು ಹಾಕಿ ಯಾವ ಸಂದೇಶವನ್ನು ಹಂಚುತ್ತಿದ್ದೇವೆ?

ಅಂಕಿತವನ್ನು ಜನ ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎನ್ನುವುದಕ್ಕೆ ಮಾತೆ ಮಹಾದೇವಿಯವರ 'ವಚನ ದೀಪ್ತಿ' ಸಾಕ್ಷಿ. ಅದರಲ್ಲಿ ಬಸವಣ್ಣನ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಲಾಗಿತ್ತು. ಕರ್ನಾಟಕ ಸರ್ಕಾರ 1998ರಲ್ಲಿ ಪುಸ್ತಕವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದು ನನಗೆ ಸರಿಕಾಣದು, ಆ ಮಾತು ಬೇರೆ. ಎ.ಕೆ. ರಾಮಾನುಜನ್ 1973ರ ತಮ್ಮ ಪ್ರಸಿದ್ಧ ಇಂಗ್ಲಿಷ್ ಸಂಕಲನದಲ್ಲಿ ಅಂಕಿತಗಳನ್ನೂ ಅನುವಾದಿಸಿದರು. ಗುಹೇಶ್ವರ 'ಗುಹೆಗಳ ಒಡೆಯ'ನಾದದ್ದನ್ನು ತೇಜಸ್ವಿನಿ ನಿರಂಜನ ಕಟುವಾಗಿಯೇ ಪ್ರಶ್ನಿಸಿದ್ದಾರೆ. ನನಗಂತೂ ಅದು ಅಂಕಿತ ಬಿಡುವುದಕ್ಕಿಂತ ಎಷ್ಟೋ ಮೇಲು. ಕೊನೆಯ ಸಾಲು ಅಲ್ಲಿ ತನ್ನ ಜಾಗದಲ್ಲಿ ಉಳಿದಿದೆ. ಆದರೆ ಅವರು ಆರಿಸಿಕೊಂಡ ನಾಲ್ವರಲ್ಲಿ ಚೌಡಯ್ಯ ಇಲ್ಲ.

ಕ್ವೀನ್ಸ್‌ಬರಿಯಿಂದ ಜುಬಿಲಿ ಲೈನ್ ಹಿಡಿದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು ಸೇತುವೆ ದಾಟಿದರೆ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವಣ್ಣನ ಪ್ರತಿಮೆ ಸಿಗುತ್ತದೆ. ಅದೂ ಸಂದೇಶದ ಒಂದು ದಾರಿಯೇ. ಮಕ್ಕಳನ್ನು ಕರೆದುಕೊಂಡು ಹೋಗಿ. ಹೋದಾಗ ಎದುರಿನ ನದಿಯಲ್ಲಿ ದೋಣಿಗಳು ಕಂಡೇ ಕಾಣುತ್ತವೆ. ಅಲ್ಲಿ ಚೌಡಯ್ಯನದೊಂದು ವಚನವನ್ನು ಅಂಕಿತದ ಸಮೇತ ಓದಿಸಿ. ಬರುವ ಜಯಂತಿಯ ಕಾರ್ಡಿನಲ್ಲಿ ಜಾಗ ಸಾಲದಿದ್ದರೆ ಹೂವಿನ ಚಿತ್ರ ತೆಗೆಯಬಹುದು.