ಬೀಡಿ ಸೇದುವವರ ಸುದ್ದಿ, ಕಟ್ಟುವವರ ಸುದ್ದಿ

ತಂಬಾಕು ನಿಯಂತ್ರಣದ ವರದಿಗೆ ನುಡಿಗಟ್ಟು ಒದಗಿಸಿದ್ದು ಆರೋಗ್ಯ ಚಳವಳಿ. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆದಾಗ ಮುನ್ನೆಲೆಗೆ ಬಂದದ್ದು ಸೇದದವರ ಬದುಕುವ ಹಕ್ಕು. 2016ರಲ್ಲಿ ಪೊಟ್ಟಣದ ಶೇ. 85 ಭಾಗಕ್ಕೆ ಎಚ್ಚರಿಕೆಯ ಚಿತ್ರ ಕಡ್ಡಾಯವಾದಾಗ ಆ ಅಂಕಿಯೇ ತಲೆಬರಹವಾಗಲು ಸಿದ್ಧವಿತ್ತು. ಗೆಲುವು ಸಣ್ಣದಲ್ಲ. ಆದರೆ ಈ ಚೌಕಟ್ಟಿನಲ್ಲಿರುವುದು ಸೇದುವವ, ಪಕ್ಕದಲ್ಲಿ ನಿಂತವ ಇಬ್ಬರೇ. ಕಾಸರಗೋಡಿನಲ್ಲೋ ಸೊಲ್ಲಾಪುರದಲ್ಲೋ ಮನೆಯಲ್ಲಿ ಕೂತು ಬೀಡಿ ಕಟ್ಟುತ್ತ ತಂಬಾಕಿನ ಧೂಳು ಕುಡಿಯುವ ಹೆಂಗಸು ಅಲ್ಲಿಲ್ಲ. ಆ ತೆರವನ್ನು ಉದ್ಯಮ ತುಂಬಿತು. ವರದಿಯ ಕೊನೆಗೆ ಅವಳು ಬಂದರೆ 'ಜೀವನೋಪಾಯ'ದ ವಾದವಾಗಿ ಬರುತ್ತಾಳೆ, ರೋಗಿಯಾಗಿ ಅಲ್ಲ. ಪತ್ರಿಕೆಗೆ ಅಪರಿಚಿತರೇನೂ ಅಲ್ಲ ಈ ಕಸುಬಿನವರು: ನೆರೆಯ ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಬ್ಬ ಪತ್ರಿಕೆ ಓದಿಹೇಳುತ್ತಿದ್ದ, ಉಳಿದವರು ಕೇಳುತ್ತ ಅವನ ಪಾಲಿನ ಬೀಡಿಯನ್ನೂ ಕಟ್ಟಿಕೊಡುತ್ತಿದ್ದರು.