ವೇದವೈಷಮ್ಯವೂ ವ್ಯಪದೇಶವೂ: ಒಂದು ವಿಮರ್ಶೆ

ಸ್ತ್ರೀ, ಪುರುಷ ಎಂಬ ಎರಡು ಹೆಸರುಗಳೊಳಗೆ ತಮ್ಮನ್ನು ನಿಶ್ಚಯವಾಗಿ ಇರಿಸಿಕೊಳ್ಳಲಾಗದವರು ಈಚೆಗೆ ತಮ್ಮ ಸಂಶಯವನ್ನು ಬಹಿರಂಗವಾಗಿ ಹೇಳತೊಡಗಿದ್ದಾರೆ. ಅವರ ಪ್ರಶ್ನೆಗೆ ಜೈನಾಗಮದ ಉತ್ತರವೇನೆಂದು ಬರೆಯುವವರಲ್ಲಿ ಎರಡು ಪಕ್ಷಗಳು ಕಂಡುಬರುತ್ತವೆ. ಜೈನಾಚಾರ್ಯರು ಪ್ರಾಚೀನಕಾಲದಲ್ಲಿಯೇ ‘ಮೂರನೆಯ ಲಿಂಗ’ವನ್ನು ಮಾನ್ಯಮಾಡಿದ್ದರೆಂಬುದು ಒಂದು. ಶರೀರಚಿಹ್ನವೇ ಪ್ರಮಾಣ, ಮಿಕ್ಕುದೆಲ್ಲ ಭ್ರಾಂತಿ, ಇದೇ ಆಗಮಮತ ಎಂಬುದು ಇನ್ನೊಂದು. ಇವೆರಡೂ ಗ್ರಂಥಪಾಠದ ಮುಂದೆ ನಿಲ್ಲಲಾರವೆಂಬುದನ್ನು ತೋರಿಸಿ, ಅನಂತರ ಹೆಸರು ಎಷ್ಟರಮಟ್ಟಿಗೆ ಮುಖ್ಯವೆಂಬ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಪರಿಭಾಷೆ. ಪೂಜ್ಯಪಾದರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಲಿಂಗವು ದ್ರವ್ಯಲಿಂಗ, ಭಾವಲಿಂಗ ಎಂದು ಎರಡು ಬಗೆಯೆಂದು ವಿವರಿಸುತ್ತಾರೆ. ದ್ರವ್ಯಲಿಂಗವು ನಾಮಕರ್ಮದ ಉದಯದಿಂದಾದ ಶರೀರರಚನೆ. ಭಾವಲಿಂಗವು ನೋಕಷಾಯವೇದನೀಯದ ಉದಯದಿಂದಾದ ಅಂತಃಪರಿಣಾಮ. ಇವೆರಡಕ್ಕೂ ಕಾರಣವಾದ ಕರ್ಮಗಳೇ ಬೇರೆ. ಒಂದು ಶರೀರವನ್ನು ಕಟ್ಟುವುದು, ಇನ್ನೊಂದು ಮೋಹನೀಯದ ಶಾಖೆ. ಕಾರಣಭೇದವಿರುವಲ್ಲಿ ಕಾರ್ಯಗಳು ಸದಾ ಒಂದಕ್ಕೊಂದು ಹೊಂದಿಕೊಂಡೇ ಇರಬೇಕೆಂಬ ನಿಯಮವಿಲ್ಲ.

ಅಕಲಂಕದೇವರು ರಾಜವಾರ್ತಿಕದ ಎಂಟನೆಯ ಅಧ್ಯಾಯದಲ್ಲಿ ಈ ಶಂಕೆಯನ್ನು ನೇರವಾಗಿಯೇ ಎತ್ತುತ್ತಾರೆ. ಲೋಕದಲ್ಲಿ ಪ್ರಸಿದ್ಧವಾದ ಶರೀರಚಿಹ್ನಗಳೇ ಸ್ತ್ರೀವೇದದ ಲಕ್ಷಣವಲ್ಲವೆ ಎಂದು ಶಂಕೆ. ಅಲ್ಲ, ಅವು ನಾಮಕರ್ಮನಿಮಿತ್ತವಾದುವು. ಆದುದರಿಂದ ಪುರುಷನಲ್ಲಿಯೂ ಸ್ತ್ರೀವೇದದ ಉದಯ ಸಂಭವಿಸುತ್ತದೆ, ಕೆಲವೊಮ್ಮೆ ಸ್ತ್ರೀಯಲ್ಲಿಯೂ ಪುಂವೇದದ ಉದಯ ಸಂಭವಿಸುತ್ತದೆ, ಅದಕ್ಕೆ ಆಭ್ಯಂತರ ವಿಶೇಷವೇ ಕಾರಣ ಎಂದು ಸಮಾಧಾನ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೋಮ್ಮಟಸಾರದ ಜೀವಕಾಂಡದಲ್ಲಿ ಇದನ್ನೇ ಸಂಗ್ರಹಿಸಿ, ದ್ರವ್ಯ ಭಾವಗಳು ಪ್ರಾಯಃ ಸಮವಾಗಿಯೂ ಕೆಲವೆಡೆ ವಿಷಮವಾಗಿಯೂ ಇರುತ್ತವೆ ಎಂದರು. ಆ ಗ್ರಂಥಕ್ಕೆ ಕ್ರಿ.ಶ. 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದ ಕೇಶವವರ್ಣಿಯು ಇದರ ವ್ಯಾಪ್ತಿಯನ್ನು ಸ್ಪಷ್ಟಪಡಿಸಿದನು: ದೇವ, ನಾರಕ, ಭೋಗಭೂಮಿಜರಲ್ಲಿ ಸಮವೇ, ಕರ್ಮಭೂಮಿಯ ಮನುಷ್ಯ ತಿರ್ಯಂಚರಲ್ಲಿ ವಿಷಮವೂ ಉಂಟು. ನಾವು ಬದುಕುತ್ತಿರುವುದು ಕರ್ಮಭೂಮಿಯಲ್ಲಿಯೇ ಎಂಬುದನ್ನು ಎರಡನೆಯ ಪಕ್ಷದವರಿಗೆ ನೆನಪಿಸಬೇಕಾಗಿದೆ. ಶರೀರವನ್ನು ನೋಡಿ ಅಂತರಂಗವನ್ನು ನಿರ್ಣಯಿಸುವುದು ಆಗಮಮತವಲ್ಲ. ಆಗಮವು ಪರೀಕ್ಷಿಸಿ ಬದಿಗಿರಿಸಿದ ಪೂರ್ವಪಕ್ಷ ಅದು.

ಇನ್ನು ಮೊದಲ ಪಕ್ಷ. ಲಿಯೊನಾರ್ಡ್ ಜ್ವಿಲಿಂಗ್ ಮತ್ತು ಮೈಕೆಲ್ ಸ್ವೀಟ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಜೈನರ ವೇದವಿಚಾರವನ್ನು ಪಾಶ್ಚಾತ್ಯ ಓದುಗರ ಮುಂದಿಟ್ಟರು. ಅವರ ಶ್ರಮ ಶ್ಲಾಘ್ಯ. ಆದರೆ ಅದನ್ನು ಆಧರಿಸಿ ಬರೆಯುವ ಅನೇಕರು ನಪುಂಸಕವೇದವೆಂಬ ಪಾರಿಭಾಷಿಕ ಶಬ್ದವನ್ನು ಇಂದಿನ ಸಮುದಾಯವೊಂದರ ಹೆಸರಿನೊಡನೆ ಸಮೀಕರಿಸಿಬಿಡುತ್ತಾರೆ. ತತ್ತ್ವಾರ್ಥಸೂತ್ರದ ಪ್ರಕಾರ ನಾರಕರೆಲ್ಲರೂ ಸಮ್ಮೂರ್ಛನಜರೆಲ್ಲರೂ ನಪುಂಸಕರು. ಗಿಡ ಮರ, ಇರುವೆ, ದುಂಬಿಗಳೂ ಇದರೊಳಗೆ ಬಂದುವು. ಇಷ್ಟು ವಿಸ್ತಾರವಾದ ಕರ್ಮಸಂಜ್ಞೆಯೊಂದನ್ನು ಮನುಷ್ಯಸಮಾಜದ ಒಂದು ಗುಂಪಿನ ಹೆಸರಾಗಿ ಭಾಷಾಂತರಿಸುವುದು ಅತಿವ್ಯಾಪ್ತಿ. ಪುರುಷದೇಹದಲ್ಲಿ ಸ್ತ್ರೀವೇದೋದಯವುಳ್ಳವನು ಸಿದ್ಧಾಂತದಲ್ಲಿ ನಪುಂಸಕನೇ ಅಲ್ಲ, ಅವನು ಭಾವಸ್ತ್ರೀ. ಆದ್ದರಿಂದ ಅವ್ಯಾಪ್ತಿಯೂ ಒದಗಿತು.

ಭಾಷಾಂತರದ ತೊಡಕು ಇನ್ನೂ ಒಂದಿದೆ. ವೇದವೆಂದರೆ ರತಿಯ ಅಭಿಲಾಷೆಯೋ, ತಾನು ಇಂಥವನು ಅಥವಾ ಇಂಥವಳು ಎಂಬ ಸ್ವಭಾವವೋ? ಯಾರನ್ನು ಕುರಿತು ಅಭಿಲಾಷೆ ಎಂಬುದರಿಂದಲೇ ವೇದವನ್ನು ಲಕ್ಷಣೀಕರಿಸುವ ಪರಂಪರೆಯುಂಟು. ಆದರೆ ಪೂಜ್ಯಪಾದರ ಲಕ್ಷಣದಲ್ಲಿ ಸ್ತ್ರೈಣಭಾವಗಳನ್ನು ಹೊಂದಿಸುವುದೇ ಸ್ತ್ರೀವೇದ. ಅಕಲಂಕರು ಆ ಭಾವಗಳನ್ನು ಎಣಿಸುವಾಗ ಮಾರ್ದವ, ಅಸ್ಫುಟತೆ, ನೇತ್ರವಿಭ್ರಮ ಮೊದಲಾದುವನ್ನು ಹೇಳಿ ಪುರುಷಕಾಮನೆಯನ್ನು ಅವುಗಳಲ್ಲಿ ಒಂದನ್ನಾಗಿ ಮಾತ್ರ ಸೇರಿಸುತ್ತಾರೆ. ಇಂದು ಪ್ರತ್ಯೇಕವಾಗಿ ಇಡುವ ಎರಡು ವಿಷಯಗಳು, ತನ್ನ ಬಗೆಗಿನ ಅರಿವು ಮತ್ತು ಅನ್ಯರ ಬಗೆಗಿನ ಆಕರ್ಷಣೆ, ಇಲ್ಲಿ ಒಂದೇ ಶಬ್ದದಲ್ಲಿ ಅಡಕವಾಗಿವೆ. ಹೀಗಿರುವುದರಿಂದ ವೇದ ಶಬ್ದವನ್ನು ವೇದವೆಂದೇ ಉಳಿಸಿಕೊಂಡು ವಿವರಿಸುವುದು ಕ್ಷೇಮ.

ಹೆಸರಿನ ವಿಚಾರವು ಅತ್ಯಂತ ಸೂಕ್ಷ್ಮವಾಗಿ ಬಂದಿರುವ ಸ್ಥಳವೆಂದರೆ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರ. ಇದರ ಪಾಠದ ಇತಿಹಾಸವನ್ನು ಬಲ್ಲವರಿಗೂ ಅದನ್ನು ಇನ್ನೊಮ್ಮೆ ಸ್ಮರಿಸುವುದು ಉಚಿತ. ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಯೋಲೆಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿಲೇಖನಗಳೇ ಉತ್ತರದೇಶಕ್ಕೆ ತಲುಪಿದುವು. ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾಸಹಿತವಾದ ಮೊದಲನೆಯ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಆ ಪ್ರತಿಗಳ ಪ್ರತಿಗಳು. ಅವುಗಳಲ್ಲಿ ‘ಮಣುಸಿಣಿ’ಗೆ ಸಂಬಂಧಿಸಿದ ಈ ಸೂತ್ರದಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಸಂಪಾದಕರು ಆ ಪದವು ಇರತಕ್ಕದ್ದೆಂದು ಅಡಿಯಲ್ಲಿ ಸೂಚಿಸಿದರು. ಏಕೆಂದರೆ ಕೆಳಗಿನ ಟೀಕೆಯಲ್ಲಿ ವೀರಸೇನಾಚಾರ್ಯರು ಹದಿನಾಲ್ಕು ಗುಣಸ್ಥಾನಗಳ ಶಂಕೆಯನ್ನು ಎತ್ತಿದ್ದರು. ಸೂತ್ರದಲ್ಲಿ ಪದವಿಲ್ಲದಿದ್ದರೆ ಆ ಶಂಕೆಗೆ ಅವಕಾಶವೇ ಇರುತ್ತಿರಲಿಲ್ಲ. ಇದರಿಂದ ಪಂಡಿತವಲಯದಲ್ಲಿ ದೊಡ್ಡ ವಿವಾದವೆದ್ದಿತು. ಆ ಪದವಿದ್ದರೆ ಸ್ತ್ರೀಮುಕ್ತಿ ಸಿದ್ಧವಾದೀತೆಂಬ ಭಯದಿಂದ ಅದನ್ನು ಬಿಡಬೇಕೆಂದವರೂ ಇದ್ದರು. ಅನಂತರ ಮೂಡಬಿದಿರೆಯ ಮೂಲ ಓಲೆಯನ್ನು ನೋಡಿದಾಗ ‘ಸಂಜದ’ ಅಲ್ಲಿಯೇ ಇದ್ದಿತು.

ಒಂದು ಪದದ ಇರವು ಇಲ್ಲದಿರವುಗಳಿಂದ ಒಂದು ಜೀವವರ್ಗವು ಸಂಯಮಕ್ಕೆ ಅರ್ಹವೋ ಅಲ್ಲವೋ ಎಂಬುದು ನಿಂತಿತು. ಹೆಸರು ಬರಿಯ ಶಬ್ದ, ಅದರಿಂದೇನು ಎನ್ನುವವರು ಈ ಪ್ರಕರಣವನ್ನು ಗಮನಿಸಬೇಕು.

ಈಗ ವೀರಸೇನರ ವಾದಸರಣಿಯನ್ನು ನೋಡೋಣ. ಈ ಸೂತ್ರದಿಂದ ದ್ರವ್ಯಸ್ತ್ರೀಯರಿಗೆ ನಿರ್ವಾಣ ಸಿದ್ಧವಾಗದೆ? ಆಗದು, ಸವಸ್ತ್ರರಾದ್ದರಿಂದ ಅವರಿಗೆ ಸಂಯಮವಿಲ್ಲ. ಹಾಗಾದರೆ ಹದಿನಾಲ್ಕು ಗುಣಸ್ಥಾನಗಳು ಹೇಗೆ? ಭಾವಸ್ತ್ರೀವಿಶಿಷ್ಟವಾದ ಮನುಷ್ಯಗತಿಯಲ್ಲಿ ಅವು ಇರಬಹುದು. ಭಾವವೇದವು ಒಂಬತ್ತನೆಯ ಗುಣಸ್ಥಾನದಲ್ಲಿಯೇ ನಾಶವಾಗುವುದಲ್ಲ, ಅದರ ಮೇಲೆ ಆ ಹೆಸರು ಹೇಗೆ? ಇಲ್ಲಿ ಪ್ರಧಾನವಾದುದು ಗತಿ, ವೇದವಲ್ಲ. ಗತಿಯು ಮೊದಲೇ ನಾಶವಾಗುವುದಿಲ್ಲ. ವಿಶೇಷಣವು ಹೋದ ಮೇಲೂ ಆ ಹೆಸರಿನಿಂದ ಕರೆಯುವುದು ಸರಿಯೆ? ಸರಿ, ಉಪಚಾರದಿಂದ ಆ ವ್ಯಪದೇಶವು ಮುಂದುವರಿಯುತ್ತದೆ.

ಈ ಕೊನೆಯ ಸಮಾಧಾನವು ನಮ್ಮ ಪ್ರಶ್ನೆಗೆ ಅತ್ಯಂತ ಸಮೀಪವಾದುದು. ಹೆಸರನ್ನು ಕೊಡಿಸಿದ ಧರ್ಮವು ಹೋಗಿದೆ, ಹೆಸರು ನಿಂತಿದೆ. ಆಚಾರ್ಯರು ಹೆಸರನ್ನು ಸುಳ್ಳೆನ್ನಲಿಲ್ಲ, ವಸ್ತುವೆಂದೂ ಭ್ರಮಿಸಲಿಲ್ಲ. ವ್ಯವಹಾರಕ್ಕೆ ಬೇಕಾದುದರಿಂದ ಉಳಿಸಿಕೊಂಡರು, ಅದು ಉಪಚಾರವೆಂದು ತಿಳಿಸಿಯೇ ಉಳಿಸಿಕೊಂಡರು.

ಇದಕ್ಕೆ ಬಲವಾದ ಪ್ರತಿವಾದವೂ ಕನ್ನಡನಾಡಿನಲ್ಲಿಯೇ ಹುಟ್ಟಿತು. ಅಮೋಘವರ್ಷನ ಕಾಲದ ಯಾಪನೀಯಾಚಾರ್ಯ ಪಾಲ್ಯಕೀರ್ತಿ ಶಾಕಟಾಯನರು ವೈಯಾಕರಣರು. ಅವರ ಸ್ತ್ರೀನಿರ್ವಾಣಪ್ರಕರಣವನ್ನು ಮುನಿ ಜಂಬೂವಿಜಯರು 1974ರಲ್ಲಿ ಸಂಪಾದಿಸಿದರು. ನಮ್ಮ ತುಳುನಾಡಿನವರೇ ಆದ ಪ್ರೊ. ಪದ್ಮನಾಭ ಜೈನಿಯವರು (1923–2021) 1991ರ ‘ಜೆಂಡರ್ ಅಂಡ್ ಸಾಲ್ವೇಶನ್’ ಗ್ರಂಥದಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಶಾಕಟಾಯನರ ಮಾತಿನ ತಾತ್ಪರ್ಯವಿಷ್ಟು: ಮುಖ್ಯಾರ್ಥವು ಹೊಂದುವಾಗ ಗೌಣಾರ್ಥವನ್ನು ಹಿಡಿಯಬಾರದು. ಲೋಕವು ಯಾರನ್ನು ಸ್ತ್ರೀಯೆನ್ನುವುದೋ ಅವಳೇ ಸ್ತ್ರೀ. ಪುರುಷನಲ್ಲಿ ಪುರುಷಾಭಿಲಾಷೆ ತೋರಿದರೆ ಅದು ಅವನ ವೇದದೊಳಗಿನ ವೈಚಿತ್ರ್ಯ, ಬೇರೆ ವೇದವಲ್ಲ.

ವ್ಯಾಕರಣದ ದೃಷ್ಟಿಯಿಂದ ಈ ವಾದ ದುರ್ಬಲವಲ್ಲ. ವೀರಸೇನರು ಮುಖ್ಯಾರ್ಥವನ್ನು ಬಿಟ್ಟುದು ಶಬ್ದಬಲದಿಂದಲ್ಲ, ಸವಸ್ತ್ರರಿಗೆ ಸಂಯಮವಿಲ್ಲವೆಂಬ ಬೇರೊಂದು ಸಿದ್ಧಾಂತದ ಬಾಧೆಯಿಂದ. ಸ್ತ್ರೀಮುಕ್ತಿಯ ವಿವಾದವನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಪ್ರಭಾಚಂದ್ರರು ನ್ಯಾಯಕುಮುದಚಂದ್ರದಲ್ಲಿ ಅದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ನಮಗೆ ಪ್ರಕೃತವಾದುದು ಇದು: ಹೆಸರನ್ನು ನಿರ್ಣಯಿಸುವ ಅಧಿಕಾರ ಯಾರದು? ಲೋಕದ್ದೆಂದು ಶಾಕಟಾಯನರು. ಲೋಕಪ್ರಸಿದ್ಧಿಯು ನಿರ್ಣಾಯಕವಲ್ಲ, ಆಭ್ಯಂತರವೇ ನಿರ್ಣಾಯಕವೆಂದು ಅಕಲಂಕರು. ಇಂದಿನ ಸಂಶಯಿಯು ಕೇಳುತ್ತಿರುವುದೂ ಇದನ್ನೇ.

ಆದರೆ ಗ್ರಂಥಗಳಿಂದ ಅನುಕೂಲವಾದುದನ್ನು ಮಾತ್ರ ಆಯ್ದುಕೊಳ್ಳುವುದು ವಿಮರ್ಶೆಯಾಗದು. ಮೂರು ಮಾತುಗಳನ್ನು ಮುಚ್ಚಿಡಬಾರದು. ಒಂದು, ಮೂರು ವೇದಗಳೂ ಮೋಹನೀಯದ ಭೇದಗಳು. ಯಾವುದೂ ಆತ್ಮಸ್ವರೂಪವಲ್ಲ, ಪುಂವೇದವೂ ಅಲ್ಲ. ಎರಡು, ಕಷಾಯಗಳಂತೆ ವೇದಗಳು ಅಂತರ್ಮುಹೂರ್ತದಲ್ಲಿ ಬದಲಾಗುವುದಿಲ್ಲ, ಜನ್ಮದಿಂದ ಮರಣದವರೆಗೆ ಒಂದೇ ಉದಯವಿರುವುದೆಂದು ಧವಲೆ ಹೇಳುತ್ತದೆ. ಲಿಂಗಭಾವವು ಆಗಾಗ ಬದಲಾಗುವುದೆನ್ನುವವರಿಗೆ ಇಲ್ಲಿ ಆಧಾರ ದೊರೆಯದು. ಮೂರು, ದೀಕ್ಷಾಪ್ರಕರಣಗಳಲ್ಲಿ ನಿಷೇಧಗಳುಂಟು. ಶ್ವೇತಾಂಬರರ ಪ್ರವಚನಸಾರೋದ್ಧಾರದಲ್ಲಿ ನಪುಂಸಕರನ್ನು ಹದಿನಾರು ಬಗೆಯಾಗಿ ವಿಂಗಡಿಸಿ, ಹತ್ತು ಬಗೆಯವರನ್ನು ದೀಕ್ಷೆಗೆ ಅನರ್ಹರೆಂದೂ ಆರು ಬಗೆಯವರನ್ನು ಅರ್ಹರೆಂದೂ ಹೇಳಿದೆ. ಸಂಘದ ವ್ಯವಸ್ಥೆಗೆ ಬೇಕಾದಾಗ ಹೆಸರುಗಳು ಹೀಗೆ ಹೆಚ್ಚುತ್ತವೆ, ಕೆಲವು ಬಾಗಿಲನ್ನು ತೆರೆಯುತ್ತವೆ, ಕೆಲವು ಮುಚ್ಚುತ್ತವೆ.

ಎರಡನೆಯ ಮಾತಿನಲ್ಲಿ ಒಂದು ವಿವೇಚನೆ ಅಗತ್ಯ. ವೇದವು ಸ್ಥಿರವೆಂದರೆ ಅದರ ಅರಿವೂ ಸ್ಥಿರವೆಂದಾಗದು. ಸಂಶಯವು ಜ್ಞಾನಕ್ಕೆ ಸಂಬಂಧಿಸಿದುದು, ವೇದಕ್ಕಲ್ಲ. ‘ನಾನು ಯಾರು ಎಂದು ನನಗೆ ಇನ್ನೂ ತಿಳಿದಿಲ್ಲ’ ಎನ್ನುವ ತರುಣನೋ ತರುಣಿಯೋ ಚಂಚಲರೆಂದು ಹೇಳಲು ಸಿದ್ಧಾಂತದಲ್ಲಿ ಆಸ್ಪದವಿಲ್ಲ. ಒಳಗಿನ ಉದಯವನ್ನು ಲೋಕವು ಕಲಿಸಿದ ಎರಡು ಶಬ್ದಗಳಿಂದ ಓದಲು ಹೊರಟವರಿಗೆ ಪಾಠವು ಕೂಡಲೆ ಸ್ಪಷ್ಟವಾಗದಿದ್ದರೆ ಅದು ಆಶ್ಚರ್ಯವಲ್ಲ.

ವ್ಯವಹಾರದಲ್ಲಿ ಹೆಸರು ಬೇಕಾಗುತ್ತದೆ. 2011ರ ಜನಗಣತಿಯಲ್ಲಿ ಸ್ತ್ರೀ ಪುರುಷರಲ್ಲದೆ ‘ಇತರ’ ಎಂಬ ಅಂಕಣದಲ್ಲಿ 4,87,803 ಮಂದಿ ಎಣಿಕೆಯಾದರು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ತನ್ನ ಲಿಂಗಭಾವವನ್ನು ತಾನೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರಕಾರವು ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನು ಲಿಂಗಾಂತರಿಗಳಿಗೆ ಕಲ್ಪಿಸಿತು. ಹೆಸರಿಲ್ಲದವನಿಗೆ ಅಂಕಣವಿಲ್ಲ, ಅಂಕಣವಿಲ್ಲದವನಿಗೆ ಅನ್ನಕ್ಕೂ ತೊಡಕು. ಹೆಸರುಗಳೇ ಬೇಡವೆನ್ನುವ ನಿಶ್ಚಯನಯದ ಮಾತು ಸಿದ್ಧರಿಗೆ ಸಲ್ಲುತ್ತದೆ. ಅದನ್ನು ಅರ್ಜಿ ಹಿಡಿದು ಕಚೇರಿಯ ಮುಂದೆ ನಿಂತವನಿಗೆ ಹೇಳುವುದು ನಯಾಭಾಸ. ಆ ಅಂಕಣದ ಹೆಸರೇ ಅವನ ಸರ್ವಸ್ವವೆನ್ನುವುದೂ ನಯಾಭಾಸವೇ.

ಪಂಡಿತರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಇಂತಹ ಪ್ರಶ್ನೆಯೊಡನೆ ಬಂದವರಿಗೆ ಶರೀರವನ್ನು ತೋರಿಸಿ ಉತ್ತರಿಸಿದರೆ ಅಕಲಂಕರ ವಾಕ್ಯವನ್ನು ಬಿಟ್ಟು ಓದಿದಂತಾಗುತ್ತದೆ. ಅವರು ಹೇಳದ ಹೆಸರೊಂದನ್ನು ನಾವಾಗಿ ಆತುರದಿಂದ ಹೊಂದಿಸಿದರೂ ಮೂಲದಲ್ಲಿಲ್ಲದುದನ್ನು ಸೇರಿಸಿದಂತಾಗುತ್ತದೆ. ‘ಸಂಜದ’ ಪದವನ್ನು ಬಿಡಬೇಕೆಂದವರು ದುರುದ್ದೇಶದವರಲ್ಲ, ತಮ್ಮ ಸಿದ್ಧಾಂತಕ್ಕೆ ಹಾನಿ ಬರಬಾರದೆಂದು ಬಯಸಿದವರು. ಆದರೂ ಓಲೆಯಲ್ಲಿ ಇದ್ದುದು ಇದ್ದೇ ಇತ್ತು. ಮೂಲವನ್ನು ನೋಡದೆ ಪಾಠವನ್ನು ತಿದ್ದಬಾರದೆಂಬ ನಿಯಮವನ್ನು ನಾವು ಗ್ರಂಥಗಳಲ್ಲಿ ಪಾಲಿಸುತ್ತೇವೆ. ಮನುಷ್ಯರ ವಿಷಯದಲ್ಲಿ ಅದನ್ನು ಸಡಿಲಿಸಲು ಕಾರಣವಿಲ್ಲ.