ತಲೆ ನೆರೆಯದ ಹದ್ದುಗಳು

ವಲಸೆ ಹೋಗುವ ಹದ್ದು, ಗಿಡುಗಗಳನ್ನು ಎಣಿಸಲು ಬೆಟ್ಟ ಹತ್ತಿ ಕೂತವರನ್ನು ಜನ ಕೇಳುವುದು ಒಂದೇ ಪ್ರಶ್ನೆ: 'ಇವತ್ತು ಎಷ್ಟಾಯಿತು?' ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ನಲ್ಲಿ ಆಗಸ್ಟ್ ನಡುಭಾಗದಿಂದ ಡಿಸೆಂಬರ್ ನಡುಭಾಗದವರೆಗೆ ಈ ಲೆಕ್ಕ ನಡೆಯುತ್ತದೆ. ಆದರೆ ದಿನದ ಮೊತ್ತದಷ್ಟು ಮೋಸದ ಅಂಕಿ ಇನ್ನೊಂದಿಲ್ಲ. ವಾಯವ್ಯದ ಗಾಳಿ ಬೆಟ್ಟದ ಸಾಲಿಗೆ ಬಡಿದು ಮೇಲೇಳುವ ದಿನ ಹಕ್ಕಿಗಳು ರೆಕ್ಕೆ ಆಡಿಸದೆ ಆ ಸಾಲನ್ನೇ ಹಿಡಿದು ತೇಲಿ ಬರುತ್ತವೆ. ಗಾಳಿ ತಿರುಗಿದರೆ ಅವೇ ಹಕ್ಕಿಗಳು ಬಯಲ ಮೇಲೆ ಚದುರಿ ಕಣ್ಣಿಗೇ ಬೀಳುವುದಿಲ್ಲ. ಸೆಪ್ಟೆಂಬರಿನಲ್ಲಿ ಅಗಲರೆಕ್ಕೆಯ ಗಿಡುಗಗಳು ಕೆಲವೇ ದಿನಗಳಲ್ಲಿ ಸಾವಿರಗಟ್ಟಲೆ ದಾಟುವುದರಿಂದ, ಋತುವಿನ ಮೊತ್ತ ಏರುವುದೂ ಇಳಿಯುವುದೂ ಬಹುಮಟ್ಟಿಗೆ ಅದೊಂದೇ ಜಾತಿಯ ಮೇಲೆ ನಿಂತಿದೆ. ಹಾಗಾಗಿ ಎಣಿಕೆಯ ಪುಸ್ತಕದಲ್ಲಿ ಮೊದಲು ನೋಡಬೇಕಾದ್ದು ಮೊತ್ತದ ಪಕ್ಕದ ಕಾಲಂ: ಹಾದುಹೋದವುಗಳಲ್ಲಿ ಎಳೆಯವು ಎಷ್ಟು?

ಇದಕ್ಕೆ ಆಧಾರ ಅದೇ ಬೆಟ್ಟದಲ್ಲಿದೆ. ಗಾಸ್‌ಹಾಕ್ ಎಂಬ ಗಿಡುಗವನ್ನು ಕೊಂದವರಿಗೆ ಅಲ್ಲಿನ ರಾಜ್ಯ 5 ಡಾಲರ್ ಇನಾಮು ಕೊಡುತ್ತಿದ್ದ ಕಾಲ. ಬೇಟೆಗಾರರು ಯಾವ ಜಾತಿಯೆಂದು ನೋಡದೆ ಹೊಡೆದುರುಳಿಸುತ್ತಿದ್ದರು. 1934ರಲ್ಲಿ ಪಕ್ಷಿ ಸಂರಕ್ಷಣೆಯ ಹೋರಾಟಗಾರ್ತಿ ರೊಸಾಲಿ ಎಡ್ಜ್ ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು ಮಾರಿಸ್ ಬ್ರೌನ್ ಅವರನ್ನು ಕಾವಲಿಗಿಟ್ಟರು. ಬಂದೂಕು ತಡೆಯಲು ಬಂದವರು ಎಣಿಸುತ್ತ ಕೂತರು. ಎಣಿಕೆಗೆ ಸಿಕ್ಕವುಗಳಲ್ಲಿ ಬಿಳಿತಲೆಯ ಹದ್ದೂ ಇತ್ತು. ಅದರ ತಲೆ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ಮೊದಲ ವರ್ಷದ ಮರಿ ಮೈಯೆಲ್ಲ ಕಪ್ಪುಗಂದು. ಬ್ರೌನ್ ಕಂಡ ಹದ್ದುಗಳಲ್ಲಿ ಇಂಥ ಎಳೆಯವು 1935–39ರಲ್ಲಿ ನೂರಕ್ಕೆ 40 ಇದ್ದವು. 1955–59ರಲ್ಲಿ 20ಕ್ಕೆ ಇಳಿದವು. 1957ರಲ್ಲಂತೂ 32 ದೊಡ್ಡವಕ್ಕೆ ಒಂದೇ ಒಂದು ಮರಿ. ಹದ್ದು ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಗೂಡುಗಳೆಲ್ಲ ಬರಿದಾದರೂ ಹಳೆಯ ತಲೆಗಳು ವರ್ಷವರ್ಷವೂ ಹಾರಿಬಂದು ಮೊತ್ತವನ್ನು ಹಿಡಿದು ನಿಲ್ಲಿಸಿರುತ್ತವೆ. ಮುದುಕರಷ್ಟೇ ಉಳಿದ ಊರಿನಲ್ಲೂ ಜಗಲಿ ತುಂಬಿಯೇ ಕಾಣುತ್ತದಲ್ಲ, ಹಾಗೆ. ಲೇಖಕಿ ರೇಚಲ್ ಕಾರ್ಸನ್ 1962ರ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಈ ಅಂಕಿಗಳನ್ನು ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ಸಾಕ್ಷಿಗೆ ಕರೆದರು. ಡಿಡಿಟಿಯ ಶೇಷ ಮೊಟ್ಟೆಯ ಚಿಪ್ಪನ್ನು ತೆಳುಮಾಡುತ್ತದೆಂಬುದು ಖಚಿತವಾದದ್ದು ಆಮೇಲೆ. ಅಮೆರಿಕ ಅದನ್ನು ನಿಷೇಧಿಸಿದ್ದು 1972ರಲ್ಲಿ.

ಮರಿಗಳ ಪಾಲನ್ನು ನೆಚ್ಚುವುದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಎಳೆಯ ಹಕ್ಕಿಗೆ ದಾರಿ ತಿಳಿಯದು, ಗಾಳಿ ತಳ್ಳಿದತ್ತ ಸರಿಯುತ್ತದೆ. ಹಾಗಾಗಿ ಕಡಲಂಚಿನ ಠಾಣೆಗಳಲ್ಲಿ ಮರಿಗಳೇ ಹೆಚ್ಚು ಕಂಡಾವು. ನಿಜ. ಅದಕ್ಕೇ ಒಂದು ಬೆಟ್ಟದ ಪ್ರಮಾಣವನ್ನು ಇನ್ನೊಂದರ ಜೊತೆ ಹೋಲಿಸಬಾರದು, ಅದೇ ಬೆಟ್ಟದ ಹಿಂದಿನ ವರ್ಷಗಳ ಜೊತೆ ಹೋಲಿಸಬೇಕು. ಜಾರ್ಜಿಯಾ ದೇಶದ ಬಟೂಮಿಯಲ್ಲಿ ಹಾದುಹೋಗುವ ಜೇನುಗಿಡುಗಗಳಲ್ಲಿ ದೊಡ್ಡವು ಮೊದಲು ಹೊರಡುತ್ತವೆ, ಮರಿಗಳು ಹಿಂದುಳಿಯುತ್ತವೆ. ಜಾತ್ರೆಯಂಥ ನಾಲ್ಕು ದಿನ ಮಾತ್ರ ಎಣಿಸಿ ಎದ್ದವರಿಗೆ ಮರಿಗಳೇ ಇಲ್ಲವೆನಿಸೀತು. ಆಕಾಶ ಖಾಲಿಯಿರುವ ದಿನವೂ ಕೂರಲೇಬೇಕೆನ್ನುವುದು ಅದಕ್ಕೆ. ದೊಡ್ಡವು ಹೆಚ್ಚಿದರೂ ಮರಿಗಳ ಪಾಲು ಇಳಿಯುತ್ತದೆಂಬ ಮಾತೂ ಸರಿಯೇ. ಆ ಅನುಮಾನಕ್ಕೆ ಗೂಡಿನ ಕಡೆಯ ಸಾಕ್ಷಿ ಬೇಕು. ಫ್ಲಾರಿಡಾದಲ್ಲಿ 1939ರಿಂದ 1949ರವರೆಗೆ ಸಾವಿರಕ್ಕೂ ಹೆಚ್ಚು ಹದ್ದಿನ ಮರಿಗಳ ಕಾಲಿಗೆ ಉಂಗುರ ತೊಡಿಸಿದ ಚಾರ್ಲ್ಸ್ ಬ್ರೋಲಿ, 1947ರಿಂದ ಗೂಡುಗಳು ವಿಫಲವಾಗತೊಡಗಿದ್ದನ್ನು ಕಂಡಿದ್ದರು. ಉಪಗ್ರಹದ ಟ್ರಾನ್ಸ್‌ಮಿಟರ್ ಇರುವಾಗ ದುರ್ಬೀನು ಏಕೆ ಎಂದು ಕೇಳುವವರಿಗೆ ಉತ್ತರ ಚಿಕ್ಕದು: ಟ್ರಾನ್ಸ್‌ಮಿಟರ್ ತನ್ನನ್ನು ಬೆನ್ನಿಗೆ ಕಟ್ಟಿಸಿಕೊಂಡ ಹಕ್ಕಿಯ ದಾರಿ ಹೇಳುತ್ತದೆ, ಎಷ್ಟು ಹಕ್ಕಿ ಹುಟ್ಟಲೇ ಇಲ್ಲ ಎಂದು ಹೇಳಲಾರದು.

ನಮ್ಮಲ್ಲಿ ಇದೇ ಕೆಲಸಕ್ಕೆ ಹೇಳಿ ಮಾಡಿಸಿದ ಹಕ್ಕಿ ಸೆಳೆವ, ಅಂದರೆ ಹ್ಯಾರಿಯರ್. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲಕ್ಕೆ ಬರುವ ಸೆಳೆವಗಳು ಬೆಂಗಳೂರಿನ ಪಕ್ಕದ ಹೆಸರಘಟ್ಟದಂಥ ಹುಲ್ಲುಬಯಲಿನಲ್ಲಿ ಮುಸ್ಸಂಜೆಗೆ ನೆಲಕ್ಕಿಳಿದು ಮಲಗುತ್ತವೆ. ಇಳಿಯುವ ಹೊತ್ತಿಗೆ ತಲೆ ಎಣಿಸಿ ಒಂದೇ ಅಂಕಿ ಬರೆದರೆ ಸಾಲದು. ದೊಡ್ಡ ಗಂಡು ಬೂದು, ದೊಡ್ಡ ಹೆಣ್ಣು ಕಂದು, ಎದೆ ಹೊಟ್ಟೆಗೆ ಗೀರಿಲ್ಲದ ಕೆಂಗಂದು ಬಣ್ಣದ್ದು ಮೊದಲ ವರ್ಷದ ಮರಿ: ಮೂರಕ್ಕೂ ಬೇರೆ ಬೇರೆ ಮನೆ ಇರಲಿ. ಬೂದು ಗಂಡನ್ನು ಯಾರೂ ತಪ್ಪುವುದಿಲ್ಲ. ಕಂದಿನವೆರಡು ಮಬ್ಬುಗತ್ತಲಲ್ಲಿ ಒಂದೇ ತರಹ ಕಾಣುತ್ತವೆ. ಆದ್ದರಿಂದ ನಾಲ್ಕನೆಯ ಮನೆಯೊಂದನ್ನು ಎಳೆದು 'ಗೊತ್ತಾಗಲಿಲ್ಲ' ಎಂದು ಮೇಲೆ ಬರೆಯಬೇಕು, ಮತ್ತು ಅದು ಉಳಿದ ಮೂರಕ್ಕಿಂತ ಹೆಚ್ಚು ತುಂಬಿದ ಸಂಜೆ ಆ ಪುಟವನ್ನು ಹರಿದುಹಾಕದೆ ಹಾಗೇ ಇಡಬೇಕು.